ಸಣ್ಣ ಉದ್ಯಮಕ್ಕೆ ತಂತ್ರಾಂಶ: ಕಡಿಮೆ ಖರ್ಚಿನದು ಯಾವುದು, ನಿಜವಾಗಿ ಬೇಕಾದದ್ದು ಯಾವುದು?

ಅಚ್ಚುಮೊಳೆ (ಪ್ರಶ್ನೆ):

ಮಾನ್ಯರೇ, ನಾವು ನಾಲ್ಕು ಮಂದಿ ಸೇರಿ ಮುದ್ರಣ ವಿನ್ಯಾಸದ ಸಣ್ಣ ಉದ್ಯಮವೊಂದನ್ನು ನಡೆಸುತ್ತಿದ್ದೇವೆ. ಗಿರಾಕಿಗಳಿಂದ ಕೆಲಸ ಒಪ್ಪಿಕೊಳ್ಳುವುದು, ದರಪಟ್ಟಿ ಕಳುಹಿಸುವುದು, ಕರಡು ತೋರಿಸಿ ಒಪ್ಪಿಗೆ ಪಡೆಯುವುದು, ಅಚ್ಚು ಹಾಕಿಸಿ ತಲುಪಿಸುವುದು, ಕೊನೆಗೆ ಬಿಲ್ಲು ಕೊಟ್ಟು ಹಣ ವಸೂಲು ಮಾಡುವುದು, ಇಷ್ಟೇ ನಮ್ಮ ವ್ಯವಹಾರ. ಮೊದಲ ಎರಡು ವರ್ಷ ಒಂದು ನೋಟ್‌ಬುಕ್ ಮತ್ತು ಒಂದು ಸ್ಪ್ರೆಡ್‌ಶೀಟಿನಲ್ಲಿ ಎಲ್ಲವೂ ಸಾಗಿತು. ಆಮೇಲೆ ಅವರಿವರು ಹೇಳಿದರೆಂದು ಒಂದೊಂದಾಗಿ ತಂತ್ರಾಂಶಗಳನ್ನು ಸೇರಿಸಿಕೊಳ್ಳುತ್ತ ಬಂದೆವು. ಈಗ ಏಳು ಕಡೆ ಚಂದಾ ಕಟ್ಟುತ್ತಿದ್ದೇವೆ. ಆದರೂ ಕಳೆದ ವಾರ ಗಿರಾಕಿಯೊಬ್ಬರು ಫೋನು ಮಾಡಿ ತಮ್ಮ ಕೆಲಸ ಎಲ್ಲಿಗೆ ಬಂತು ಎಂದು ಕೇಳಿದಾಗ ಮೂರು ಕಡೆ ತೆರೆದು ಹುಡುಕಿದೆ. ಉತ್ತರ ಸಿಕ್ಕಿದ್ದು ಮಾತ್ರ ಸಹೋದ್ಯೋಗಿಯ ನೋಟ್‌ಬುಕ್ಕಿನಲ್ಲಿ.

ನನ್ನ ಪ್ರಶ್ನೆಗಳು ಮೂರು. ಎಲ್ಲವನ್ನೂ ಒಂದೇ ಕಡೆ ನೋಡಿಕೊಳ್ಳುವ ದೊಡ್ಡ ತಂತ್ರಾಂಶಕ್ಕೆ ಹೋಗುವುದು ಒಳ್ಳೆಯದೋ, ಕೆಲಸಕ್ಕೊಂದರಂತೆ ಸಣ್ಣ ಸಣ್ಣವನ್ನೇ ಇಟ್ಟುಕೊಳ್ಳುವುದು ಒಳ್ಳೆಯದೋ? ಉಚಿತವಾಗಿ ಸಿಗುವವುಗಳನ್ನು ವ್ಯವಹಾರಕ್ಕೆ ಎಷ್ಟರ ಮಟ್ಟಿಗೆ ನಂಬಬಹುದು? ಮೂರನೆಯದು ತಂತ್ರಾಂಶಕ್ಕಿಂತ ನನ್ನ ಮನಸ್ಸಿಗೆ ಸಂಬಂಧಿಸಿದ್ದು. ಹೊಸದೊಂದರ ಜಾಹೀರಾತು ಕಂಡಾಗಲೆಲ್ಲ ನಾವು ಹಿಂದೆ ಬೀಳುತ್ತಿದ್ದೇವೇನೋ ಎಂಬ ಅಳುಕು ಹುಟ್ಟುತ್ತದೆ, ಪ್ರಯೋಗಕ್ಕೆಂದು ನೋಂದಾಯಿಸಿಕೊಳ್ಳುತ್ತೇನೆ, ಹದಿನೈದು ದಿನದಲ್ಲಿ ಅದನ್ನು ಮರೆಯುತ್ತೇನೆ. ಚಂದಾ ಮಾತ್ರ ತಪ್ಪದೆ ಕಡಿತವಾಗುತ್ತಿರುತ್ತದೆ. ಇದರಿಂದ ಪಾರಾದವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಬೇಕು.

ಕೀರ್ದಿ:

ಅಚ್ಚುಮೊಳೆಯವರೇ, ನಾನು ಸಣ್ಣ ಉದ್ಯಮಗಳ ಲೆಕ್ಕಪತ್ರ ನೋಡಿಕೊಳ್ಳುವವನು. ನನ್ನ ಮಾತು ಲೆಕ್ಕದ ಕಡೆಗೆ ತುಸು ವಾಲಿದರೆ ಕ್ಷಮೆ ಇರಲಿ. ನಿಮ್ಮ ಬರಹದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಏಳು ಚಂದಾಗಳಲ್ಲ, ಉತ್ತರ ನೋಟ್‌ಬುಕ್ಕಿನಲ್ಲಿ ಸಿಕ್ಕಿತೆಂಬ ಮಾತು. ಸದ್ಯಕ್ಕೆ ನಿಮ್ಮ ಉದ್ಯಮ ನಡೆಯುತ್ತಿರುವುದು ಆ ನೋಟ್‌ಬುಕ್ಕಿನಿಂದ. ನಿಮ್ಮ ಸಹೋದ್ಯೋಗಿ ಅದರಲ್ಲೇ ಏಕೆ ಬರೆಯುತ್ತಾರೆಂದು ಅವರನ್ನೇ ಕೇಳಿ ನೋಡಿ. ಪಾಸ್‌ವರ್ಡ್ ಕೇಳುವುದಿಲ್ಲ, ಒಂದು ಸಾಲು ಗೀಚಲು ಐದು ಸೆಕೆಂಡು ಸಾಕು ಎಂಬ ಉತ್ತರ ಬಂದರೆ, ಮುಂದೆ ತರುವ ಯಾವ ತಂತ್ರಾಂಶವೂ ಆ ಐದು ಸೆಕೆಂಡಿನ ಜೊತೆ ಸ್ಪರ್ಧಿಸಬೇಕು ಎಂದಾಯಿತು.

ಎರಡು ವಾರ ಹೊಸದೇನನ್ನೂ ಕೊಳ್ಳಬೇಡಿ, ಇರುವುದನ್ನೂ ಬಿಡಬೇಡಿ. ನಾಲ್ಕೈದು ಕೆಲಸಗಳನ್ನು ಆರಿಸಿಕೊಂಡು, ಮೊದಲ ಫೋನು ಕರೆಯಿಂದ ಹಿಡಿದು ಹಣ ಜಮೆಯಾಗುವವರೆಗೆ ಪ್ರತಿಯೊಂದೂ ನಡೆದ ದಾರಿಯನ್ನು ಒಂದು ಹಾಳೆಯ ಮೇಲೆ ಬರೆಯಿರಿ: ಯಾರು ಎಲ್ಲಿ ಏನನ್ನು ದಾಖಲಿಸಿದರು, ಗಿರಾಕಿಯ ಹೆಸರು ಮತ್ತು ಪ್ರತಿಗಳ ಸಂಖ್ಯೆ ಎಷ್ಟು ಕಡೆ ಬರೆಯಲ್ಪಟ್ಟವು, ಯಾವ ಹಂತದಲ್ಲಿ ಕೆಲಸ ಎಷ್ಟು ದಿನ ಸುಮ್ಮನೆ ಕುಳಿತಿತ್ತು. ಒಂದೇ ವಿವರವನ್ನು ಮೂರು ಸಲ ಬರೆಯುವ ಜಾಗ ಕಂಡರೆ ಅಲ್ಲಿ ತಂತ್ರಾಂಶಕ್ಕೆ ಕೆಲಸವಿದೆ. ಕೆಲಸ ಸುಮ್ಮನೆ ಕುಳಿತಿರುವ ಜಾಗ ಕಂಡರೆ ಹೆಚ್ಚಾಗಿ ಅಲ್ಲಿರುವುದು ಯಾರೋ ತೆಗೆದುಕೊಳ್ಳದೆ ಬಿಟ್ಟ ಒಂದು ತೀರ್ಮಾನ. ಅದನ್ನು ಯಾವ ಚಂದಾ ಕಟ್ಟಿದರೂ ಬೇರೆಯವರು ತೆಗೆದುಕೊಳ್ಳುವುದಿಲ್ಲ.

ಖರ್ಚಿನ ವಿಷಯದಲ್ಲಿ ಚಂದಾ ಮೊತ್ತವೊಂದನ್ನೇ ನೋಡುವುದು ನಾನು ಎಲ್ಲೆಡೆ ಕಾಣುವ ತಪ್ಪು. ಒಂದು ತಂತ್ರಾಂಶಕ್ಕೆ ವಿವರ ತುಂಬಲು ನಿಮ್ಮಲ್ಲಿ ಪ್ರತಿಯೊಬ್ಬರಿಗೂ ದಿನಕ್ಕೆ ಹತ್ತು ನಿಮಿಷ ಹೆಚ್ಚು ಹಿಡಿಯುತ್ತದೆಂದುಕೊಳ್ಳಿ. ನಾಲ್ಕು ಜನಕ್ಕೆ ನಲವತ್ತು ನಿಮಿಷ, ತಿಂಗಳಲ್ಲಿ 25 ದಿನಕ್ಕೆ 1,000 ನಿಮಿಷ. ಹದಿನಾರು ಗಂಟೆಗೂ ಮೇಲಾಯಿತು. ಒಬ್ಬರ ಎರಡು ಪೂರ್ತಿ ದಿನದ ದುಡಿಮೆಯನ್ನು ನೀವು ಪ್ರತಿ ತಿಂಗಳೂ ಆ ತಂತ್ರಾಂಶಕ್ಕೆ ಕೊಡುತ್ತಿದ್ದೀರಿ, ಅದು ಉಚಿತವಾಗಿದ್ದರೂ ಸಹ. ಆ ಎರಡು ದಿನಕ್ಕಿಂತ ಹೆಚ್ಚು ಸಮಯವನ್ನು ಅದು ಉಳಿಸಿಕೊಡುತ್ತಿದೆಯೇ ಎಂಬುದನ್ನು ಲೆಕ್ಕ ಹಾಕಿದ ಮೇಲೆ ಅಗ್ಗ ದುಬಾರಿಗಳ ಮಾತು.

ಸ್ಪ್ರೆಡ್‌ಶೀಟನ್ನು ಕೀಳಾಗಿ ಕಾಣಬೇಡಿ. 1979ರಲ್ಲಿ ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ರೂಪಿಸಿದ ವಿಸಿಕ್ಯಾಲ್ಕ್ ಎಂಬ ಸ್ಪ್ರೆಡ್‌ಶೀಟ್ ತಂತ್ರಾಂಶ ಮಾರುಕಟ್ಟೆಗೆ ಬಂದ ಮೇಲೆ ಎಷ್ಟೋ ವ್ಯಾಪಾರಿಗಳು ಕಂಪ್ಯೂಟರ್ ಕೊಂಡದ್ದೇ ಈ ಒಂದು ಸೌಲಭ್ಯಕ್ಕಾಗಿ. ತಿಂಗಳಿಗೆ ಕೆಲವು ಹತ್ತು ಕೆಲಸ ಮಾಡುವ ನಾಲ್ಕು ಜನರ ತಂಡಕ್ಕೆ, ಕೆಲಸಕ್ಕೊಂದು ಸಾಲು, ಹಂತಕ್ಕೊಂದು ಅಂಕಣ ಇರುವ ಹಂಚಿಕೊಂಡ ಶೀಟು ಸಾಕಾಗಬಹುದು. ಆದರೆ ಅದರ ದೋಷವೆಂದರೆ ತಪ್ಪಾದಾಗ ಅದು ಸದ್ದು ಮಾಡುವುದಿಲ್ಲ. ಹಳೆಯ ಎಕ್ಸೆಲ್ ಕಡತದ ಮಾದರಿಯಲ್ಲಿ ಒಂದು ಶೀಟಿಗೆ 65,536 ಸಾಲುಗಳು ಮಾತ್ರ ಹಿಡಿಯುತ್ತವೆ. ಈ ಮಿತಿಯಿಂದಾಗಿ 2020ರಲ್ಲಿ ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಇಲಾಖೆಯ ವರದಿಯಿಂದ ಸುಮಾರು 16,000 ಕೋವಿಡ್ ಪ್ರಕರಣಗಳು ಕೆಲವು ದಿನ ಬಿಟ್ಟುಹೋಗಿದ್ದವು. ನಿಮ್ಮ ಶೀಟು ಅಷ್ಟು ಉದ್ದ ಬೆಳೆಯುವುದಿಲ್ಲ ನಿಜ. ಆದರೆ ಫೋನು ಸಂಖ್ಯೆಯ ಮೊದಲ ಸೊನ್ನೆ ಮಾಯವಾಗುವುದು, ಕೆಲಸದ ಸಂಖ್ಯೆ ತಾನಾಗಿ ದಿನಾಂಕವಾಗಿ ಬದಲಾಗುವುದು ಇವೆಲ್ಲ ಹತ್ತು ಸಾಲಿನ ಶೀಟಿನಲ್ಲೂ ಆಗುತ್ತವೆ. ಅಂಥ ಅಂಕಣಗಳನ್ನು ಮೊದಲೇ ಪಠ್ಯವೆಂದು ಗುರುತಿಸಿಡಿ.

ಜಮಾ ಖರ್ಚನ್ನು ಮಾತ್ರ ಸ್ಪ್ರೆಡ್‌ಶೀಟಿನಲ್ಲಿ ಇಡಬೇಡಿ. ಪ್ರತಿ ವಹಿವಾಟನ್ನೂ ಎರಡು ಖಾತೆಗಳಲ್ಲಿ ಬರೆಯುವ ಪದ್ಧತಿಯನ್ನು ಇಟಲಿಯ ಗಣಿತಜ್ಞ ಲೂಕಾ ಪಚೋಲಿ 1494ರಲ್ಲೇ ಅಚ್ಚಿನಲ್ಲಿ ವಿವರಿಸಿದ್ದರು. ಒಂದು ಕಡೆ ತಪ್ಪಿದರೆ ಇನ್ನೊಂದು ಕಡೆ ತಾಳೆಯಾಗದೆ ಗೊತ್ತಾಗುತ್ತದೆಂಬುದೇ ಅದರ ಜೀವಾಳ. ಗ್ನೂಕ್ಯಾಶ್ ಎಂಬ ಮುಕ್ತ ತಂತ್ರಾಂಶ ಈ ಪದ್ಧತಿಯನ್ನು ಪೂರ್ತಿಯಾಗಿ ಅನುಸರಿಸುತ್ತದೆ, ಬಿಲ್ಲು ಮತ್ತು ಬಾಕಿಗಳನ್ನೂ ನೋಡಿಕೊಳ್ಳುತ್ತದೆ. ಒಂದೇ ಪುಸ್ತಕವನ್ನು ಇಬ್ಬರು ಏಕಕಾಲಕ್ಕೆ ತೆರೆದು ಬರೆಯುವ ವ್ಯವಸ್ಥೆ ಅದರಲ್ಲಿಲ್ಲ. ಲೆಕ್ಕ ಬರೆಯುವವರು ಒಬ್ಬರೇ ಆಗಿದ್ದರೆ ಅದೇನೂ ಕೊರತೆಯೆನಿಸದು.

ಹಿಂಬಾಗಿಲು:

ಕೀರ್ದಿಯವರ ಮಾತಿಗೆ ನನ್ನ ಸಹಮತವಿದೆ. ಉಚಿತವಾದುದನ್ನು ನಂಬಬಹುದೇ ಎಂಬ ಎರಡನೆಯ ಪ್ರಶ್ನೆಗೆ ಮಾತ್ರ ನಾನು ಉತ್ತರಿಸುತ್ತೇನೆ, ಏಕೆಂದರೆ ಅದರ ಪೆಟ್ಟು ತಿಂದವನು ನಾನು.

ಉಚಿತ ಎಂಬ ಒಂದೇ ಪದದೊಳಗೆ ಎರಡು ಬೇರೆ ಬೇರೆ ವಸ್ತುಗಳಿವೆ. ಕಚೇರಿ ಕೆಲಸದ ಲಿಬ್ರೆಆಫೀಸ್, ಗ್ನೂಕ್ಯಾಶ್‌ಗಳಂಥ ಮುಕ್ತ ತಂತ್ರಾಂಶಗಳ ಮೂಲ ಸಂಕೇತ (ಸೋರ್ಸ್ ಕೋಡ್) ಎಲ್ಲರ ಕೈಗೂ ಸಿಗುತ್ತದೆ. ಅದನ್ನು ಕಟ್ಟುವ ತಂಡ ನಾಳೆ ಚದುರಿದರೂ ನಿಮ್ಮ ಕಂಪ್ಯೂಟರಿನಲ್ಲಿರುವ ಪ್ರತಿ ಕೆಲಸ ಮಾಡುತ್ತಲೇ ಇರುತ್ತದೆ, ಬೇರೆಯವರು ಅದನ್ನು ಮುಂದುವರಿಸಲೂಬಹುದು. ಲಿಬ್ರೆಆಫೀಸ್ ಹುಟ್ಟಿದ್ದೇ ಹಾಗೆ: ಓಪನ್‌ಆಫೀಸ್ ಯೋಜನೆಯ ಭವಿಷ್ಯದ ಬಗ್ಗೆ ಆತಂಕಗೊಂಡವರು 2010ರಲ್ಲಿ ಅದರ ಸಂಕೇತವನ್ನು ತೆಗೆದುಕೊಂಡು ಬೇರೆಯಾಗಿ ನಡೆದರು. ಇನ್ನೊಂದು ಬಗೆಯ ಉಚಿತವೆಂದರೆ ಯಾವುದೋ ಕಂಪನಿ ತನ್ನ ಸರ್ವರಿನಲ್ಲಿ ನಡೆಸುವ ಸೇವೆಯ ಕೆಳಗಿನ ಮೆಟ್ಟಿಲು. ಆ ಮೆಟ್ಟಿಲಿನ ಎತ್ತರವನ್ನು ಅವರು ಯಾವಾಗ ಬೇಕಾದರೂ ಬದಲಿಸಬಹುದು, ಅದು ಅವರ ಹಕ್ಕು. ತಂಡದೊಳಗೆ ಸಂದೇಶ ಕಳುಹಿಸುವ ಸೇವೆಯಾದ ಸ್ಲ್ಯಾಕ್ 2022ರಲ್ಲಿ ಉಚಿತ ಬಳಕೆದಾರರಿಗೆ ಕಳೆದ 90 ದಿನಗಳ ಸಂದೇಶಗಳನ್ನು ಮಾತ್ರ ತೋರಿಸಲಾರಂಭಿಸಿತು. ಎವರ್‌ನೋಟ್ 2023ರ ಡಿಸೆಂಬರಿನಲ್ಲಿ ಉಚಿತ ಖಾತೆಗೆ 50 ಟಿಪ್ಪಣಿಗಳ ಮಿತಿ ಹಾಕಿತು. ಜಾಲತಾಣಗಳ ಹೊಸ ಬರಹಗಳನ್ನು ಒಂದೇ ಕಡೆ ಓದಲು ಬಹಳ ಜನ ಬಳಸುತ್ತಿದ್ದ ಗೂಗಲ್ ರೀಡರ್ 2013ರಲ್ಲಿ ಮುಚ್ಚಿಯೇ ಹೋಯಿತು.

ನನ್ನ ಕಥೆ ಇವುಗಳಿಗಿಂತ ಸಣ್ಣದು, ನನಗೆ ಆದ ನಷ್ಟ ಮಾತ್ರ ಸಣ್ಣದಲ್ಲ. ಮೂರು ವರ್ಷ ಗಿರಾಕಿಗಳ ವಿವರಗಳನ್ನೆಲ್ಲ ಒಂದು ಉಚಿತ ಸೇವೆಯಲ್ಲಿ ತುಂಬಿದ್ದೆ. ಅದು ನಿಲ್ಲುತ್ತಿದೆ ಎಂಬ ಮಿಂಚಂಚೆ ಬಂದಾಗ ರಫ್ತು ಮಾಡುವ ಗುಂಡಿಯನ್ನು ಮೊದಲ ಬಾರಿಗೆ ಒತ್ತಿದೆ. ಹೆಸರು, ವಿಳಾಸಗಳು ಕೈಗೆ ಬಂದವು. ಪ್ರತಿಯೊಬ್ಬರ ಜೊತೆ ಯಾವಾಗ ಏನು ಮಾತಾಯಿತು, ಯಾರಿಗೆ ಯಾವ ರಿಯಾಯಿತಿಗೆ ಒಪ್ಪಿದ್ದೆ ಎಂಬ ಟಿಪ್ಪಣಿಗಳು ಬರಲಿಲ್ಲ. ಅಂದಿನಿಂದ ಯಾವುದೇ ಸೇವೆಗೆ ಸೇರುವಾಗ ಮುಂಬಾಗಿಲಿಗಿಂತ ಮೊದಲು ಹಿಂಬಾಗಿಲನ್ನು ನೋಡುತ್ತೇನೆ. (ಈ ಹೆಸರು ಬಂದದ್ದೂ ಹಾಗೆಯೇ.) ನೋಂದಾಯಿಸಿಕೊಂಡ ದಿನವೇ ಹತ್ತು ಸುಳ್ಳು ಗಿರಾಕಿಗಳ ವಿವರ ತುಂಬಿ, ಟಿಪ್ಪಣಿ ಮತ್ತು ಲಗತ್ತುಗಳನ್ನೂ ಸೇರಿಸಿ, ಎಲ್ಲವನ್ನೂ ಹೊರತೆಗೆದು ಇನ್ನೊಂದು ತಂತ್ರಾಂಶದಲ್ಲಿ ತೆರೆದು ನೋಡುತ್ತೇನೆ. ಸಿಎಸ್‌ವಿ ಕಡತವಾಗಿ, ಅಂದರೆ ಯಾವ ಸ್ಪ್ರೆಡ್‌ಶೀಟಿನಲ್ಲೂ ತೆರೆಯುವ ಸರಳ ಪಠ್ಯದ ಪಟ್ಟಿಯಾಗಿ ಬಂದರೆ ಅತ್ಯುತ್ತಮ. ಹೆಸರುಗಳು ಇಂಗ್ಲಿಷೇತರ ಲಿಪಿಯಲ್ಲಿದ್ದರೆ ಆ ಕಡತ ಎಲ್ಲ ಲಿಪಿಗಳನ್ನೂ ಹಿಡಿಯುವ ಯುಟಿಎಫ್-8 ಸಂಕೇತದಲ್ಲಿದೆಯೇ ಎಂದು ಪರೀಕ್ಷಿಸಬೇಕು, ಇಲ್ಲವಾದರೆ ಅಕ್ಷರಗಳ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳು ಸಾಲುಗಟ್ಟಿ ನಿಂತಿರುತ್ತವೆ. ಈ ಪರೀಕ್ಷೆಗೆ ಅರ್ಧ ಗಂಟೆ ಸಾಕು. ಇದರಲ್ಲಿ ಸೋತದ್ದನ್ನು, ಎಷ್ಟೇ ಚೆಂದವಿರಲಿ, ನಾನು ಒಳಗೆ ಬಿಟ್ಟುಕೊಳ್ಳುವುದಿಲ್ಲ.

ಸಾವಧಾನ:

ಮೇಲಿನ ಇಬ್ಬರೂ ತಿಳಿದವರು. ಆದರೆ ಮುಕ್ತ ತಂತ್ರಾಂಶದ ಬಗ್ಗೆ ಇಲ್ಲಿ ತುಸು ಹೆಚ್ಚೇ ಒಲವು ಕಾಣುತ್ತಿರುವುದರಿಂದ ಮತ್ತೊಂದು ಪಕ್ಷವನ್ನೂ ಹೇಳಬೇಕೆನಿಸಿತು.

ಒಂದೇ ಕಡೆ ಎಲ್ಲವೂ ಬೇಕೆನ್ನುವವರಿಗೆ ಇಆರ್‌ಪಿನೆಕ್ಸ್ಟ್ ಇದೆ, ಓಡೂವಿನ ಸಮುದಾಯ ಆವೃತ್ತಿಯಿದೆ. ಎರಡನ್ನೂ ಶುಲ್ಕವಿಲ್ಲದೆ ನಿಮ್ಮದೇ ಸರ್ವರಿನಲ್ಲಿ ಹಾಕಿಕೊಳ್ಳಬಹುದು. ನಾನೂ ಹಾಗೆ ಒಂದನ್ನು ಹಾಕಿಕೊಂಡೆ. ದಾಸ್ತಾನು, ಖರೀದಿ, ವೇತನ, ಉತ್ಪಾದನೆ ಎಂದು ಅದು ತೆರೆದಿಟ್ಟ ಪಟ್ಟಿ ನೋಡಿ ಮೊದಲ ದಿನ ಹೆಮ್ಮೆಯಾಯಿತು. ಮೂರನೆಯ ತಿಂಗಳಿಗೆ ಸರ್ವರಿನ ಭದ್ರತೆ, ಹೊಸ ಆವೃತ್ತಿಗೆ ದಾಟುವುದು, ರಾತ್ರಿ ನಿಂತುಹೋದರೆ ಬೆಳಗ್ಗೆ ಎಬ್ಬಿಸುವುದು ಎಲ್ಲವೂ ನನ್ನ ತಲೆಯ ಮೇಲೆ ಬಂದಿದ್ದವು. ಮೂಗಿಗಿಂತ ಮೂಗುತಿ ಭಾರ ಎಂದರೆ ಇದೇ. ಇಂಥ ತಂತ್ರಾಂಶ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಅದನ್ನು ನೋಡಿಕೊಳ್ಳಲು ಒಬ್ಬರು ಇರುವ ಸಂಸ್ಥೆಗೆ ಅದು ನಿಜಕ್ಕೂ ವರದಾನ. ಐದು ಜನರ ನಮ್ಮ ತಂಡದಲ್ಲಿ ಆ ಒಬ್ಬರು ಇರಲಿಲ್ಲ. ಇದನ್ನೇ ಕಂಪನಿಯೊಂದು ಹಣ ಪಡೆದು ನಡೆಸಿಕೊಟ್ಟರೆ ಆ ಹಣ ದಂಡವಲ್ಲ.

ಇನ್ನೊಂದು ಮಾತು. ಹೊಟ್ಟೆಪಾಡಿನ ಸಲಕರಣೆಯಲ್ಲಿ ಉಳಿತಾಯ ಬೇಡ. ನಿಮ್ಮದು ಮುದ್ರಣ ವಿನ್ಯಾಸ. ಪುಟ ಜೋಡಿಸಲು ಸ್ಕ್ರೈಬಸ್ ಉಚಿತವಾಗಿದೆ, ಅಚ್ಚಿಗೆ ಬೇಕಾದ ನಾಲ್ಕು ಬಣ್ಣಗಳ ಸಿಎಂವೈಕೆ ಪದ್ಧತಿಯನ್ನು ಚೆನ್ನಾಗಿಯೇ ನಿಭಾಯಿಸುತ್ತದೆ. ಇಂಕ್‌ಸ್ಕೇಪ್ ಚಿತ್ರ ಬರೆಯಲು ಸೊಗಸಾದರೂ ಮೂಲತಃ ಪರದೆಯ ಬಣ್ಣಗಳ ಲೆಕ್ಕದಲ್ಲಿ ಕೆಲಸ ಮಾಡುವಂಥದ್ದು, ಆದ್ದರಿಂದ ಅಚ್ಚಿಗೆ ಹೋಗುವ ಮುನ್ನ ಇನ್ನೊಂದು ಹೆಜ್ಜೆ ಬೇಕಾಗುತ್ತದೆ. ಆದರೆ ನಿಮ್ಮ ಗಿರಾಕಿಗಳು ಚಂದಾ ಕಟ್ಟಿ ಬಳಸುವ ಅಡೋಬಿಯ ಇಲ್ಲಸ್ಟ್ರೇಟರಿನಲ್ಲೋ ಇನ್‌ಡಿಸೈನಿನಲ್ಲೋ ಮಾಡಿದ ಕಡತಗಳನ್ನೇ ಕಳುಹಿಸುವವರಾದರೆ, ಅವನ್ನು ಇದ್ದದ್ದು ಇದ್ದಂತೆ ತೆರೆಯಲಾಗದ ಒಂದು ಸಂಜೆ ವರ್ಷದ ಚಂದಾಕ್ಕಿಂತ ದುಬಾರಿಯಾದೀತು. ಉಳಿಸುವುದಿದ್ದರೆ ಸಭೆ ಗೊತ್ತುಮಾಡುವ, ಪಟ್ಟಿ ಮಾಡುವ, ಟಿಪ್ಪಣಿ ಬರೆಯುವ ತಂತ್ರಾಂಶಗಳಲ್ಲಿ ಉಳಿಸಿ. ಅಲ್ಲಿ ಕಾಗದವೂ ನಡೆಯುತ್ತದೆ.

ಅಚ್ಚುಮೊಳೆ (ಮೂರು ವಾರಗಳ ನಂತರ):

ಎಲ್ಲರಿಗೂ ಕೃತಜ್ಞತೆಗಳು. ಕೀರ್ದಿಯವರು ಹೇಳಿದಂತೆ ಐದು ಕೆಲಸಗಳ ದಾರಿಯನ್ನು ಬರೆದು ನೋಡಿದೆವು. ಫಲಿತಾಂಶ ನನ್ನ ಊಹೆಯನ್ನು ತಲೆಕೆಳಗು ಮಾಡಿತು. ಹಣ ತಡವಾಗಿ ಬರುತ್ತಿರುವುದು ಗಿರಾಕಿಗಳ ಉದಾಸೀನದಿಂದ ಎಂದು ನಾನು ನಂಬಿದ್ದೆ. ಅದಕ್ಕೆಂದೇ ನೆನಪಿನ ಸಂದೇಶ ಕಳುಹಿಸುವ ತಂತ್ರಾಂಶವೊಂದಕ್ಕೆ ಚಂದಾ ಕಟ್ಟಿದ್ದೆ. ಐದರಲ್ಲಿ ನಾಲ್ಕು ಕೆಲಸಗಳಲ್ಲಿ ಬಿಲ್ಲೇ ಒಂಬತ್ತರಿಂದ ಹದಿನಾಲ್ಕು ದಿನ ತಡವಾಗಿ ಹೋಗಿತ್ತು, ಏಕೆಂದರೆ ಸಾಗಣೆಯ ಖರ್ಚು ಎಷ್ಟೆಂದು ತಿಳಿಯುವವರೆಗೆ ಬಿಲ್ಲು ಬರೆಯಬಾರದೆಂಬ ನಿಯಮವನ್ನು ಹಿಂದೆಂದೋ ನಾನೇ ಮಾಡಿದ್ದೆ. ಈಗ ತಲುಪಿಸಿದ ದಿನವೇ ಬಿಲ್ಲು, ಸಾಗಣೆಗೆ ನಿಗದಿತ ಮೊತ್ತ ಎಂದು ಬದಲಿಸಿದ್ದೇವೆ. ಇದಕ್ಕೆ ಯಾವ ತಂತ್ರಾಂಶವೂ ಬೇಕಾಗಲಿಲ್ಲ.

ಏಳು ಚಂದಾಗಳಲ್ಲಿ ಮೂರನ್ನು ಬಿಟ್ಟೆವು. ಕೆಲಸಗಳ ಸ್ಥಿತಿಗೆ ಹಂಚಿಕೊಂಡ ಒಂದು ಶೀಟು, ಅದನ್ನು ಬೆಳಗ್ಗೆ ಹತ್ತು ನಿಮಿಷ ಎಲ್ಲರೂ ನಿಂತು ನೋಡುವುದು ಎಂದಾಯಿತು. ನೋಟ್‌ಬುಕ್ಕಿನ ಸಹೋದ್ಯೋಗಿ ನೋಟ್‌ಬುಕ್ ಬಿಡಲು ಒಪ್ಪಲಿಲ್ಲ; ಸಂಜೆ ಅದರಿಂದ ಶೀಟಿಗೆ ಇಳಿಸುವುದಾಗಿ ಒಪ್ಪಿದ್ದಾರೆ.

ಇನ್ನು ಉಳಿದದ್ದು ಎರಡು ಸಂದೇಹ. ನಾಲ್ಕು ತಿಂಗಳ ಹಿಂದೆ ಒಂದು ಗಿರಾಕಿ ನಿರ್ವಹಣೆಯ ತಂತ್ರಾಂಶಕ್ಕೆ ಇಡೀ ವರ್ಷದ ಹಣ ಕಟ್ಟಿದ್ದೇನೆ, ಯಾರೂ ಬಳಸುತ್ತಿಲ್ಲ. ಕಟ್ಟಿದ ಹಣ ವ್ಯರ್ಥವಾಗಬಾರದೆಂದು ಎಲ್ಲರನ್ನೂ ಅದಕ್ಕೆ ಒಗ್ಗಿಸಬೇಕೇ? ಲೆಕ್ಕವನ್ನು ಗ್ನೂಕ್ಯಾಶ್‌ಗೆ ಸಾಗಿಸುವಾಗ ಹಿಂದಿನ ನಾಲ್ಕು ವರ್ಷಗಳ ವಹಿವಾಟುಗಳನ್ನೆಲ್ಲ ತುಂಬಬೇಕೇ?

ಹಿಂಬಾಗಿಲು:

ಮೊದಲನೆಯದಕ್ಕೆ ನಾನು ಹೇಳುತ್ತೇನೆ. ಆ ಹಣ ಹೋಗಿಯಾಯಿತು. ನೀವು ಬಳಸಿದರೂ ಅದು ಬರುವುದಿಲ್ಲ, ಬಳಸದಿದ್ದರೂ ಬರುವುದಿಲ್ಲ. ಅರ್ಥಶಾಸ್ತ್ರದವರು ಇದನ್ನು ಮುಳುಗಿದ ವೆಚ್ಚ ಎನ್ನುತ್ತಾರೆ. ಬ್ರಿಟನ್ ಮತ್ತು ಫ್ರಾನ್ಸ್ ಸರ್ಕಾರಗಳು ಲಾಭ ಬರದೆಂದು ತಿಳಿದ ಮೇಲೂ ಕಾಂಕಾರ್ಡ್ ವಿಮಾನಕ್ಕೆ ಹಣ ಸುರಿಯುತ್ತಲೇ ಹೋದದ್ದರಿಂದ ಈ ಮನೋಭಾವಕ್ಕೆ ಆ ವಿಮಾನದ ಹೆಸರೇ ಅಂಟಿಕೊಂಡಿದೆ. ಈಗ ಕೇಳಬೇಕಾದ ಪ್ರಶ್ನೆ ಒಂದೇ: ಇದು ಇಂದು ಉಚಿತವಾಗಿ ಸಿಕ್ಕಿದ್ದರೆ ನೀವು ತಂಡಕ್ಕೆ ಕಲಿಸುತ್ತಿದ್ದಿರಾ? ಇಲ್ಲವೆಂದಾದರೆ, ವಿವರಗಳನ್ನು ಹೊರತೆಗೆದು, ತಾನಾಗಿ ನವೀಕರಣವಾಗುವ ಆಯ್ಕೆಯನ್ನು ಇಂದೇ ತೆಗೆದುಹಾಕಿ. ನಾಳೆ ಎಂದುಕೊಂಡರೆ ಮುಂದಿನ ವರ್ಷದ ಹಣವೂ ಹೋಗುತ್ತದೆ.

ಹಿಂದೆ ಬೀಳುತ್ತೇವೆಂಬ ನಿಮ್ಮ ಅಳುಕಿನ ಬಗ್ಗೆ ಯಾರೂ ಮಾತಾಡಿಲ್ಲ. 1978ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಹರ್ಬರ್ಟ್ ಸೈಮನ್, ಎಲ್ಲ ಆಯ್ಕೆಗಳನ್ನೂ ತೂಗಿ ಅತ್ಯುತ್ತಮವನ್ನು ಹುಡುಕುವ ಶಕ್ತಿ ಮನುಷ್ಯರಿಗಿಲ್ಲ, ನಾವು ಸಾಕೆನಿಸುವ ಮಟ್ಟವನ್ನು ಮುಟ್ಟಿದ ಆಯ್ಕೆ ಸಿಕ್ಕೊಡನೆ ಹುಡುಕಾಟ ನಿಲ್ಲಿಸುತ್ತೇವೆ ಎಂದು ವಿವರಿಸಿದರು. ನಾನು ಆ ಮಟ್ಟವನ್ನು ಮೊದಲೇ ಬರೆದಿಡುತ್ತೇನೆ. ಬಿಲ್ಲು ಎರಡು ನಿಮಿಷದಲ್ಲಿ ಹೋಗಬೇಕು, ಮೊಬೈಲಿನಲ್ಲಿ ತೆರೆಯಬೇಕು, ವಿವರ ಹೊರಬರಬೇಕು ಎಂದಿದ್ದರೆ, ಈ ಮೂರನ್ನೂ ಪೂರೈಸಿದ ಮೊದಲನೆಯದನ್ನು ತೆಗೆದುಕೊಂಡು ಒಂದು ವರ್ಷ ಮತ್ತೆ ಹುಡುಕುವುದಿಲ್ಲ. ನಡುವೆ ಕಂಡ ಹೊಸ ಹೆಸರುಗಳನ್ನು ಒಂದು ಹಾಳೆಯಲ್ಲಿ ಬರೆದಿಡುತ್ತೇನೆ. ವರ್ಷದ ಕೊನೆಗೆ ಆ ಹಾಳೆ ತೆರೆದಾಗ ಅವುಗಳಲ್ಲಿ ಎಷ್ಟೋ ನನಗೆ ನೆನಪೇ ಇರುವುದಿಲ್ಲ.

ಸಾವಧಾನ:

ಇನ್ನೊಂದು ಬಿಟ್ಟುಹೋಗಿದೆ. ಹಂಚಿಕೊಂಡ ಶೀಟು ಮೋಡದಲ್ಲಿದೆ (ಅಂತರಜಾಲದ ಸರ್ವರಿನಲ್ಲಿದೆ), ಆದ್ದರಿಂದ ಸುರಕ್ಷಿತ ಎಂದು ದಯವಿಟ್ಟು ಭಾವಿಸಬೇಡಿ. ಒಬ್ಬರು ತಪ್ಪಿ ಅಳಿಸಿದರೆ ಎಲ್ಲರ ಕಂಪ್ಯೂಟರಿನಲ್ಲೂ ಅಳಿಯುತ್ತದೆ. ಕಡತಗಳ ಮೂರು ಪ್ರತಿ, ಎರಡು ಬಗೆಯ ಮಾಧ್ಯಮದಲ್ಲಿ, ಒಂದು ಪ್ರತಿ ಬೇರೆ ಕಟ್ಟಡದಲ್ಲಿ ಎಂಬ 3-2-1 ಸೂತ್ರವನ್ನು ಪ್ರಚಾರಕ್ಕೆ ತಂದವರು ಪೀಟರ್ ಕ್ರೋ ಎಂಬ ಛಾಯಾಗ್ರಾಹಕರು. ವಿನ್ಯಾಸದ ಭಾರಿ ಕಡತಗಳನ್ನು ಇಟ್ಟುಕೊಂಡ ನಿಮಗೂ ಅದು ಸರಿಹೊಂದುತ್ತದೆ. ಹೊರಗಿನ ಡಿಸ್ಕನ್ನು ನಕಲು ಮುಗಿದೊಡನೆ ಕಳಚಿಡಿ, ಏಕೆಂದರೆ ಕಡತಗಳಿಗೆ ಬೀಗ ಜಡಿದು ಹಣ ಕೇಳುವ ಒತ್ತೆಹಣದ ಕುತಂತ್ರಾಂಶ ಹೊಕ್ಕರೆ ಜೋಡಿಸಿಟ್ಟ ಡಿಸ್ಕನ್ನೂ ಬಿಡುವುದಿಲ್ಲ. ತಿಂಗಳಿಗೊಮ್ಮೆ ಯಾವುದಾದರೊಂದು ಕಡತವನ್ನು ಆ ಪ್ರತಿಯಿಂದ ತೆರೆದು ನೋಡಿ. ಪಾಸ್‌ವರ್ಡ್‌ಗಳನ್ನು ಅದೇ ಶೀಟಿನಲ್ಲಿ ಬರೆದಿಟ್ಟಿದ್ದರೆ (ಬರೆದಿಟ್ಟಿರುತ್ತೀರಿ) ಅವನ್ನು ಬಿಟ್‌ವಾರ್ಡನ್ ಅಥವಾ ಕೀಪಾಸ್‌ನಂಥ ಪಾಸ್‌ವರ್ಡ್ ಕಾಪಾಡುವ ಮುಕ್ತ ತಂತ್ರಾಂಶಕ್ಕೆ ಸಾಗಿಸಿ.

ಕೀರ್ದಿ:

ಅಚ್ಚುಮೊಳೆಯವರೇ, ಹಳೆಯ ವಹಿವಾಟುಗಳನ್ನು ತುಂಬುವ ಅಗತ್ಯವಿಲ್ಲ. ಲೆಕ್ಕದ ವರ್ಷ ಆರಂಭವಾಗುವ ದಿನವನ್ನು ಗೊತ್ತುಮಾಡಿ, ಆ ದಿನದ ಆರಂಭಿಕ ಶಿಲ್ಕುಗಳನ್ನು ಮಾತ್ರ ಹೊಸ ಪುಸ್ತಕಕ್ಕೆ ಏರಿಸಿ: ಬ್ಯಾಂಕಿನಲ್ಲಿ ಎಷ್ಟು, ಕೈಯಲ್ಲಿ ಎಷ್ಟು, ಯಾರಿಂದ ಎಷ್ಟು ಬರಬೇಕು, ಯಾರಿಗೆ ಎಷ್ಟು ಕೊಡಬೇಕು. ಬರಬೇಕಾದ ಬಾಕಿಯನ್ನು ಗಿರಾಕಿಯ ಒಟ್ಟು ಮೊತ್ತವಾಗಿ ಬರೆಯದೆ ಬಿಲ್ಲಿಗೊಂದು ಸಾಲಿನಂತೆ ಬರೆಯಿರಿ, ಇಲ್ಲವಾದರೆ ಮುಂದೆ ಯಾವ ಬಿಲ್ಲಿಗೆ ಹಣ ಬಂತೆಂದು ತಿಳಿಯದೆ ಗಿರಾಕಿಯ ಮುಂದೆ ತಡವರಿಸಬೇಕಾಗುತ್ತದೆ. ಹಳೆಯ ಶೀಟುಗಳನ್ನು ಪಿಡಿಎಫ್ ಮಾಡಿ, ಕಾನೂನು ಎಷ್ಟು ವರ್ಷ ಇಡಬೇಕೆನ್ನುತ್ತದೋ ಅಷ್ಟು ವರ್ಷ ಇಡಿ. ಮೊದಲ ಒಂದು ತಿಂಗಳು ಹಳೆಯದು, ಹೊಸದು ಎರಡರಲ್ಲೂ ಬರೆದು ತಿಂಗಳ ಕೊನೆಯ ಶಿಲ್ಕು ತಾಳೆಯಾದ ಮೇಲೆ ಹಳೆಯದನ್ನು ನಿಲ್ಲಿಸಿ. ತಾಳೆಯಾಗದಿದ್ದರೆ ವ್ಯತ್ಯಾಸದ ಮೊತ್ತವನ್ನು ಒಂಬತ್ತರಿಂದ ಭಾಗಿಸಿ ನೋಡಿ. ಶೇಷವಿಲ್ಲದೆ ಹೋದರೆ, 54 ಬರೆಯಬೇಕಾದಲ್ಲಿ 45 ಎಂಬಂತೆ ಎಲ್ಲೋ ಎರಡು ಅಂಕಿಗಳು ಹಿಂದುಮುಂದಾಗಿರುವ ಸಂಭವ ಹೆಚ್ಚು. ಹುಡುಕಾಟವನ್ನು ಅಲ್ಲಿಂದ ಶುರು ಮಾಡಬಹುದು.